ಬಿಸುಟ ಸಾಮಾನು, ಊರಿನ ಶಿಲ್ಪ

ಬಳಸಿ ಬಿಸುಟ ಸಾಮಾನಿನಿಂದ ಶಿಲ್ಪ ಕಟ್ಟುವ ಕೆಲಸ ಎರಡು ರೀತಿಯಲ್ಲಿ ನಡೆಯುತ್ತದೆ. ಗುತ್ತಿಗೆ ಹಿಡಿದವರು ಗುಜರಿ ಅಂಗಡಿಯಲ್ಲಿ ಕಬ್ಬಿಣವನ್ನು ತೂಕದ ಮೇಲೆ ಕೊಂಡು, ಎಲ್ಲೋ ಒಂದು ಶೆಡ್ಡಿನಲ್ಲಿ ಬೆಸೆದು, ಲಾರಿಯಲ್ಲಿ ತಂದು ವೃತ್ತದಲ್ಲಿ ನಿಲ್ಲಿಸುವುದು ಒಂದು ರೀತಿ. ಸಾಮಾನು ಯಾರ ಮನೆಯಲ್ಲಿ, ಯಾರ ಹೊಲದಲ್ಲಿ ದುಡಿದು ಸವೆಯಿತೋ ಅವರೇ ಅದನ್ನು ತಂದುಕೊಟ್ಟು, ಅದು ಏನಾಗಬೇಕೆಂದು ಕೂತು ಮಾತಾಡಿ, ಕೆಲಸಕ್ಕೆ ಕೈ ಹಚ್ಚಿ, ಮುಂದೆ ಅದನ್ನು ನೋಡಿಕೊಳ್ಳುವುದು ಇನ್ನೊಂದು ರೀತಿ. ಕಣ್ಣಿಗೆ ಎರಡೂ ಒಂದೇ ತರಹ ಕಾಣಬಹುದು. ಅದೇ ಸೈಕಲ್ ಚೈನು, ಅದೇ ಗೇರು, ಅದೇ ಸವೆದ ನೇಗಿಲ ಕುಳ. ಆದರೂ ಮೊದಲನೆಯದು ಊರಿನಲ್ಲಿ ಇಟ್ಟ ಶಿಲ್ಪ, ಎರಡನೆಯದು ಊರಿನ ಶಿಲ್ಪ. ಈ ಅಂತರ ಹುಟ್ಟುವುದು ಹಕ್ಕಿನಿಂದ. ಕೊಡುವ ಹಕ್ಕು, ಕೊಡಲೊಲ್ಲೆ ಎನ್ನುವ ಹಕ್ಕು, ರೂಪ ನಿರ್ಧರಿಸುವ ಹಕ್ಕು, ಕೊನೆಗೆ ಅದನ್ನು ಕಳಚಿ ಹಾಕುವ ಹಕ್ಕು ಯಾರದು ಎಂಬುದರಿಂದ. ಬೀದರ್ ಜಿಲ್ಲೆಯ ಬೀದರ್ ನಗರ, ಭಾಲ್ಕಿ ಮತ್ತು ಔರಾದ್‌ಗಳಲ್ಲಿ ಇಂಥ ಕೆಲಸಕ್ಕೆ ಬೇಕಾದ ಕೈಕಸುಬೂ ಪದ್ಧತಿಯೂ ಮೊದಲಿನಿಂದ ಇವೆ. ಅವನ್ನು ಬಿಟ್ಟು ಬೇರೆ ಊರಿನ ಮಾದರಿ ತಂದು ನಿಲ್ಲಿಸುವುದರಲ್ಲಿ ಅರ್ಥವಿಲ್ಲ.

ಬೀದರಿನ ಹೆಸರು ಹೊತ್ತ ಬಿದರಿ ಕೆಲಸವನ್ನೇ ನೋಡಬಹುದು. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಇಲ್ಲಿ ಬೇರೂರಿದ ಕಲೆ ಇದು. ಸುಮಾರು 16 ಭಾಗ ಸತುವಿಗೆ 1 ಭಾಗ ತಾಮ್ರ ಸೇರಿಸಿ ಕರಗಿಸಿ ಅಚ್ಚಿಗೆ ಎರೆಯುತ್ತಾರೆ. ಎರಕದ ಒರಟನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಉದುರಿದ ಲೋಹದ ಪುಡಿ, ಕತ್ತರಿಸಿದ ಚೂರು ಮತ್ತೆ ಮೂಸೆಗೆ ಹೋಗುತ್ತವೆ. ನುಣುಪಾದ ಮೈಗೆ ಮೈಲುತುತ್ತದ ನೀರು ಸವರಿದರೆ ಅದು ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಆ ಕಪ್ಪಿನ ಮೇಲೆ ಉಳಿಯ ಗೀರು ಬೆಳ್ಳಗೆ ಎದ್ದು ಕಾಣುತ್ತದೆ. ಕೊರೆದ ಸಾಲಿನಲ್ಲಿ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ತಟ್ಟಿ ಮತ್ತೆ ಉಜ್ಜಿದಾಗ ಇಡೀ ಪಾತ್ರೆ ಒಂದೇ ಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿ ಯಾವುದು, ಸತುವು ಯಾವುದು ಎಂದು ಹೇಳಲಾಗದ ಹಂತ ಅದು. ಕೊನೆಗೆ ಕೋಟೆಯ ಹಳೇ ಕಟ್ಟಡಗಳೊಳಗಿನ, ಬಿಸಿಲು ಮಳೆ ಕಾಣದ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಕಾಯಿಸಿದ ಪಾತ್ರೆಗೆ ಹಚ್ಚುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಮಣ್ಣು ತಕ್ಕದ್ದೇ ಎಂದು ತಿಳಿಯಲು ಕುಶಲಕರ್ಮಿಗಳು ಚಿಟಿಕೆ ಮಣ್ಣನ್ನು ನಾಲಗೆಗೆ ಮುಟ್ಟಿಸಿ ನೋಡುವುದುಂಟು. 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ, 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದುಕೊಟ್ಟ ಈ ಕಲೆಯ ಪ್ರಾಣ, ಪಾಳುಗೋಡೆಯ ಬುಡದ ಯಾರೂ ಬೆಲೆ ಕಟ್ಟದ ಮಣ್ಣಿನಲ್ಲಿದೆ. ಹಾಳಾದದ್ದರಲ್ಲಿ ಗುಣ ಹುಡುಕುವ ಕಣ್ಣು ಈ ಊರಿಗೆ ಶತಮಾನಗಳಿಂದ ಇದೆ.

ಮನೆಮನೆಯಲ್ಲಿ ಇದೇ ಕೆಲಸ ಕೌದಿಯಲ್ಲಿ ನಡೆದಿದೆ. ಹರಿದ ಸೀರೆ, ಹಳೇ ಧೋತರ, ಮಕ್ಕಳ ಅಂಗಿ ಎಲ್ಲವನ್ನೂ ಪದರ ಪದರವಾಗಿ ಹಾಸಿ ಹೆಂಗಸರು ಹೊಲಿಯುವ ಕೌದಿಯಲ್ಲಿ ಯಾವ ತುಂಡು ಯಾರ ಸೀರೆಯದು ಎಂದು ಮನೆಯವರಿಗೆ ಗೊತ್ತಿರುತ್ತದೆ. ತೀರಿಹೋದ ಅಜ್ಜಿಯ ಇಳಕಲ್ ಸೀರೆಯ ಅಂಚು ಮೊಮ್ಮಗುವಿನ ಮೈಮೇಲೆ ಬರುತ್ತದೆ. ಔರಾದ್ ಭಾಗದ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಬಟ್ಟೆಯ ತುಂಡು, ಕವಡೆ, ಕನ್ನಡಿ ಚೂರು, ಚಲಾವಣೆ ತಪ್ಪಿದ ನಾಣ್ಯಗಳನ್ನು ಕಸೂತಿಗೆ ಸೇರಿಸಿಕೊಂಡರು. ಊರೂರು ತಿರುಗಿ ರಸ್ತೆ ಬದಿಯಲ್ಲಿ ಕುಲುಮೆ ಹೂಡುವ ಘಿಸಾಡಿಗಳು ಲಾರಿಯ ಹಳೇ ಕಮಾನು ಪಟ್ಟಿಯನ್ನು ಕೆಂಪಗೆ ಕಾಯಿಸಿ ಕೊಡಲಿ, ಕುಡುಗೋಲು ಬಡಿಯುತ್ತಾರೆ. ಇಕ್ಕಳದಲ್ಲಿ ಕಬ್ಬಿಣ ಹಿಡಿದು ತಿರುಗಿಸುವವನು ಗಂಡ, ದೊಡ್ಡ ಸುತ್ತಿಗೆ ಎತ್ತಿ ಹೊಡೆಯುವವಳು ಹೆಂಡತಿ. ಶಿಲ್ಪದ ಕೆಲಸಕ್ಕೆ ಕಬ್ಬಿಣದ ಗುಣ ಬಲ್ಲವರು ಬೇಕು ಎಂದಾಗ ನಗರದ ಕಲಾಶಾಲೆಯ ಕಡೆ ನೋಡುವ ಮುನ್ನ ಈ ಕುಲುಮೆಯ ಕಡೆ ನೋಡುವುದು ನ್ಯಾಯ.

ಕೈಕಸುಬಿನಷ್ಟೇ ಮುಖ್ಯವಾದುದು ಪದ್ಧತಿ. ಕಲ್ಯಾಣ ಕರ್ನಾಟಕದ ಹಳ್ಳಿಗಳ ಮೊಹರಂ ಇದಕ್ಕೆ ಒಳ್ಳೆಯ ಉದಾಹರಣೆ. ಅಲಾಯಿ ದೇವರ ಲೋಹದ ಪಂಜಾಗಳು ವರ್ಷವಿಡೀ ಪೆಟ್ಟಿಗೆಯಲ್ಲಿರುತ್ತವೆ. ಹಬ್ಬ ಬಂದಾಗ ಅವನ್ನು ತೊಳೆದು, ಬಟ್ಟೆ ಉಡಿಸಿ ಕೂರಿಸುತ್ತಾರೆ. ಬೆಂಕಿ ಹಾಕುವ ಅಲಾಯಿ ಕುಣಿ ತೋಡುವವರು ಯಾರು, ದೇವರನ್ನು ಹೊರುವವರು ಯಾರು, ಹಲಗೆ ಬಡಿಯುವವರು ಯಾರು ಎಂಬುದು ಮೊದಲೇ ಗೊತ್ತು. ಮುಸಲ್ಮಾನರ ಮನೆ ಒಂದೂ ಇಲ್ಲದ ಊರುಗಳಲ್ಲಿ ಹಿಂದೂಗಳೇ ಅದನ್ನು ನಡೆಸುವುದುಂಟು. ರಥೋತ್ಸವದಲ್ಲೂ ಹಗ್ಗ ಒಬ್ಬರದು, ಸನ್ನೆ ಒಬ್ಬರದು, ಕಳಸ ಇನ್ನೊಬ್ಬರದು. ಇಂಥ ವಸ್ತುಗಳು ನೂರಾರು ವರ್ಷ ಉಳಿದಿರುವುದು ಅವುಗಳ ಲೋಹ ಗಟ್ಟಿ ಎಂದಲ್ಲ, ಪ್ರತಿಯೊಂದು ಕೆಲಸಕ್ಕೂ ಹೆಸರಿಟ್ಟು ಹೊಣೆ ಹಂಚಿದ್ದರಿಂದ. ಈ ಹಂಚಿಕೆಯಲ್ಲಿ ಜಾತಿಯ ಮೇಲುಕೀಳು ಬೆರೆತಿರುವುದೂ ನಿಜ. ಹೊಸದಾಗಿ ಕಟ್ಟುವ ಕೆಲಸಕ್ಕೆ ಹೊಣೆ ಹಂಚುವ ಕ್ರಮ ಬೇಕು, ಹುಟ್ಟಿನಿಂದ ಬಂದ ಶ್ರೇಣಿ ಬೇಡ.

ಹೊರಗಿನ ಲೋಕದ ಅನುಭವವೂ ಇದೇ ಮಾತನ್ನು ಬೇರೆ ಬೇರೆ ಕಡೆಯಿಂದ ಹೇಳುತ್ತದೆ. ಚಂಡೀಗಡದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ 1957ರಲ್ಲಿ, ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷ, ಒಡೆದ ಬಳೆ, ಪಿಂಗಾಣಿ ಚೂರು, ಸೈಕಲ್ ಬಿಡಿಭಾಗಗಳಿಂದ ಗುಟ್ಟಾಗಿ ಗೊಂಬೆಗಳನ್ನು ಕಟ್ಟತೊಡಗಿದ. ಸರ್ಕಾರಿ ಜಾಗದಲ್ಲಿ ಕಟ್ಟಿದ್ದರಿಂದ ಅದು ಅಕ್ರಮವೇ ಆಗಿತ್ತು. 1970ರ ದಶಕದ ನಡುವಿನಲ್ಲಿ ಅಧಿಕಾರಿಗಳ ಕಣ್ಣಿಗೆ ಬಿದ್ದರೂ ಜನರ ಒಲವಿನಿಂದ ಉಳಿದು, 1976ರಲ್ಲಿ ರಾಕ್ ಗಾರ್ಡನ್ ಎಂದು ತೆರೆದುಕೊಂಡಿತು. ಮುಂದೆ ಅದರ ಒಂದು ಭಾಗ ಕೆಡವಲು ಬುಲ್ಡೋಜರ್ ಬಂದಾಗ ಊರಿನವರೇ ಸಾಲಾಗಿ ಅಡ್ಡ ನಿಂತರು. ಅಮೆರಿಕದ ಲಾಸ್ ಏಂಜಲಿಸ್‌ನ ವಾಟ್ಸ್ ಬಡಾವಣೆಯಲ್ಲಿ ಸೈಮನ್ ರೋಡಿಯಾ ಎಂಬ ಇಟಲಿ ಮೂಲದ ಕೂಲಿಗಾರ 1921ರಿಂದ 1954ರವರೆಗೆ ಕಬ್ಬಿಣದ ಸರಳು, ಸಿಮೆಂಟು, ಒಡೆದ ಬಾಟಲಿ, ಹೆಂಚಿನ ಚೂರುಗಳಿಂದ ಗೋಪುರಗಳನ್ನೆಬ್ಬಿಸಿದ; ಅತಿ ಎತ್ತರದ್ದು ಸುಮಾರು 30 ಮೀಟರ್. ಅವು ಅಪಾಯಕಾರಿ ಎಂದು ನಗರಾಡಳಿತ ಕೆಡವಲು ಹೊರಟಾಗ, 1959ರಲ್ಲಿ 10,000 ಪೌಂಡ್ ಎಳೆತದ ಪರೀಕ್ಷೆ ನಡೆಯಿತು. ಗೋಪುರ ಜಗ್ಗಲಿಲ್ಲ, ಕೆಡವುವ ಆದೇಶ ರದ್ದಾಯಿತು. ಈ ಇಬ್ಬರೂ ಒಂಟಿಯಾಗಿ ಶುರು ಮಾಡಿದವರು. ಆದರೂ ಅವರ ಕೆಲಸವನ್ನು ಉಳಿಸಿದ್ದು ನೆರೆಹೊರೆ ಮತ್ತು ಗಟ್ಟಿ ಕಟ್ಟೋಣ, ಎರಡೂ ಒಟ್ಟಿಗೆ.

ಇದಕ್ಕೆ ಎದುರಾಗಿ ದೆಹಲಿಯ ಸರಾಯ್ ಕಾಲೇ ಖಾನ್ ಬಳಿ 2019ರಲ್ಲಿ ತೆರೆದ ಉದ್ಯಾನವನ್ನು ಇಡಬಹುದು. ಸುಮಾರು 150 ಟನ್ ಗುಜರಿಯಿಂದ ಐಫೆಲ್ ಗೋಪುರ, ಪಿರಮಿಡ್ಡು, ತಾಜಮಹಲು ಮುಂತಾದ ಜಗತ್ತಿನ ಅದ್ಭುತಗಳ ಪ್ರತಿರೂಪಗಳನ್ನು ಅಲ್ಲಿ ನಿಲ್ಲಿಸಿದ್ದಾರೆ. ಕೌಶಲ ಇದೆ, ನೋಡುವ ಜನವೂ ಇದ್ದಾರೆ. ಆದರೆ ಆ ಕಬ್ಬಿಣ ಯಾರ ಬದುಕಿನಿಂದ ಬಂತು ಎಂಬ ಸುಳಿವು ಅಲ್ಲಿಲ್ಲ. ಯಾವ ಊರಿನಲ್ಲಿ ನಿಲ್ಲಿಸಿದರೂ ಅದು ಹಾಗೇ ಇರುತ್ತದೆ. ಬೀದರ್ ಜಿಲ್ಲೆಗೆ ಇದು ತಕ್ಕ ಮಾದರಿಯಲ್ಲ. ಹತ್ತಿರದ ಮಾದರಿ ಬೇಕೆಂದರೆ ಶಾಂತಿನಿಕೇತನದಲ್ಲಿ ರಾಮಕಿಂಕರ್ ಬೈಜ್ 1938ರಲ್ಲಿ ಕಟ್ಟಿದ ‘ಸಂತಾಲ್ ಕುಟುಂಬ’ ಇದೆ. ದುಬಾರಿ ಕಂಚು, ಅಮೃತಶಿಲೆಗಳ ಗೊಡವೆಗೆ ಹೋಗದೆ ಅವರು ಬಳಸಿದ್ದು ಅಲ್ಲಿನ ಕೆಂಪು ಜಂಬಿಟ್ಟಿಗೆಯ ಹರಳು ಮತ್ತು ಸಿಮೆಂಟು. ರೂಪ ಪಡೆದವರು ನಿತ್ಯ ಆ ದಾರಿಯಲ್ಲಿ ಓಡಾಡುತ್ತಿದ್ದ ಸಂತಾಲ ಕೂಲಿಕಾರರು. ಬೀದರ್ ನಗರ ಕೂತಿರುವುದೂ ಜಂಬಿಟ್ಟಿಗೆಯ ಹಾಸಿನ ಮೇಲೆಯೇ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 2006ರ ‘ಡಾರ್ಕ್‌ರೂಮ್’ ಕೃತಿಯನ್ನು ಡಾಂಬರು ಡ್ರಮ್ಮುಗಳಿಂದ ಕಟ್ಟಿದರು. ರಸ್ತೆ ಕೆಲಸದ ಕೂಲಿಗಳು ಅದೇ ಡ್ರಮ್ಮುಗಳನ್ನು ಬಿಚ್ಚಿ ತಗಡಾಗಿಸಿ ಗುಡಿಸಲು ಹಾಕಿಕೊಳ್ಳುತ್ತಾರೆ. ಕೃತಿಯೊಳಗೆ ತೆವಳಿ ಹೊಕ್ಕು ಮೇಲೆ ನೋಡಿದರೆ ತಗಡಿನ ತೂತುಗಳು ನಕ್ಷತ್ರಗಳಾಗಿ ಕಾಣುತ್ತವೆ. ವಸ್ತುವಿನ ಹಿಂದಿನ ಬದುಕನ್ನು ಅಳಿಸದೆ ಅದಕ್ಕೆ ಹೊಸ ರೂಪ ಕೊಡುವುದು ಹೇಗೆ ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟ ಪಾಠ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ. ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಇಟ್ಟ ಮೊಸಳೆ ಗುಜರಿಯದಲ್ಲದಿದ್ದರೂ, ಬೀದಿಯ ಶಿಲ್ಪ ಬೀದಿಯ ಪ್ರಶ್ನೆಯಿಂದಲೇ ಹುಟ್ಟಿದರೆ ಎಷ್ಟು ಬೇಗ ಜನರ ಮಾತಾಗುತ್ತದೆ ಎಂಬುದನ್ನು ತೋರಿಸಿತು.

ಇಂಥ ಶಿಲ್ಪದ ವಿರುದ್ಧ ಗಟ್ಟಿಯಾದ ಆಕ್ಷೇಪವೊಂದಿದೆ. ಕಬ್ಬಿಣ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಇವು ಕಸವೇ ಅಲ್ಲ. ಗುಜರಿ ಅಂಗಡಿಯಲ್ಲಿ ಅವಕ್ಕೆ ದಿನದ ದರವಿದೆ. ಆರಿಸುವವರು, ಸೈಕಲ್ ಮೇಲೆ ಕೂಗುತ್ತ ಕೊಳ್ಳುವವರು, ಅಂಗಡಿಯವರು, ಕುಲುಮೆಯವರು ಎಲ್ಲರ ಹೊಟ್ಟೆ ಅದರಿಂದ ತುಂಬುತ್ತದೆ. ಕರಗಿಸಿದರೆ ಮತ್ತೆ ಸರಳಾಗುವ ಕಬ್ಬಿಣವನ್ನು ವೃತ್ತದಲ್ಲಿ ನಿಲ್ಲಿಸಿ ತುಕ್ಕು ಹಿಡಿಸುವುದು ಪರಿಸರದ ಸೇವೆ ಎಂದು ಹೇಳಿಕೊಳ್ಳುವುದು ಸುಳ್ಳು. ಈ ಆಕ್ಷೇಪವನ್ನು ಪೂರ್ತಿ ಒಪ್ಪಬೇಕು. ಒಂದೆರಡು ಟನ್ ಸಾಮಾನಿನ ಶಿಲ್ಪದಿಂದ ಯಾವ ಊರಿನ ಕಸದ ಸಮಸ್ಯೆಯೂ ತೀರುವುದಿಲ್ಲ, ಹಾಗೆಂದು ಫಲಕ ಬರೆಸಲೂಬಾರದು. ಶಿಲ್ಪಕ್ಕೆ ಕಾರಣ ಬೇರೆಯೇ ಇರಬೇಕು. ಅಂಗಡಿಯ ತಕ್ಕಡಿಯಲ್ಲಿ ಬೆಲೆ ಇಲ್ಲದ, ಮನೆಯವರ ನೆನಪಿನಲ್ಲಿ ಬೆಲೆ ಇರುವ ಸಾಮಾನು ಇದಕ್ಕೆ ತಕ್ಕದ್ದು. ತಕ್ಕಡಿಯಲ್ಲಿ ಬೆಲೆ ಇರುವುದನ್ನು ಬಳಸಲೇಬೇಕಾದರೆ ಆರಿಸುವವರಿಂದ ಅಂದಿನ ದರಕ್ಕೆ ಕೊಳ್ಳಬೇಕು. ದಾನವಾಗಿ ಬೇಡಿ ಅವರ ಕೂಲಿಯನ್ನು ಕಸಿಯಕೂಡದು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಆಳದ್ದು. ಕಸದ ಕಲೆಯನ್ನು ಹೊಗಳುವ ಸಮಾಜವೇ ಕಸ ಮುಟ್ಟುವವರನ್ನು ದೂರ ಇಟ್ಟಿದೆ. ಪೌರಕಾರ್ಮಿಕರು, ಚಿಂದಿ ಆಯುವ ಹೆಂಗಸರು, ಬಹುಪಾಲು ದಲಿತ ಸಮುದಾಯದವರು. ಅವರು ಆರಿಸಿಕೊಟ್ಟ ಸಾಮಾನನ್ನು ಬೆಸೆದವನು ಕಲಾವಿದ ಎನಿಸಿಕೊಂಡು, ಅವರು ಉದ್ಘಾಟನೆಯ ದಿನ ಬೇಲಿಯ ಆಚೆ ನಿಂತರೆ ಆ ಶಿಲ್ಪದಲ್ಲಿ ಸಮುದಾಯವೆಂಬುದು ಇಲ್ಲ. ದೆಹಲಿಯಲ್ಲಿ ವಿವಾನ್ ಸುಂದರಂ 2008ರ ‘ಟ್ರ್ಯಾಶ್’ ಸರಣಿಗಾಗಿ ಚಿಂದಿ ಆಯುವವರ ಜೊತೆ ಕೆಲಸ ಮಾಡಿದಾಗಿನಿಂದ ಈ ಪ್ರಶ್ನೆ ಕಲಾಲೋಕದಲ್ಲಿ ಜೀವಂತವಾಗಿದೆ. ಬೀದರ್ ಜಿಲ್ಲೆಗೆ ಇದರ ಉತ್ತರ ಹುಡುಕಲು ಅಷ್ಟು ದೂರ ಹೋಗಬೇಕಿಲ್ಲ. ಇಂದಿನ ಬಸವಕಲ್ಯಾಣವಾದ 12ನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡ ಆಯ್ದಕ್ಕಿ ಮಾರಯ್ಯ ಅನುಭವ ಮಂಟಪದಲ್ಲಿ ಕೂತ ಶರಣ. ಒಂದು ದಿನ ಆತ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಾದದ್ದನ್ನು ಹಿಂದಿರುಗಿಸಿ ಬರಲು ಹೇಳಿದಳು. ಆಯುವವರಿಗೆ ಗೌರವದ ಜಾಗ, ಆಯುವುದರಲ್ಲಿ ಮಿತಿ ಎರಡನ್ನೂ ಈ ದಂಪತಿಯ ಕಥೆ ಒಟ್ಟಿಗೆ ಇಟ್ಟಿದೆ. ಶಿಲ್ಪ ಕಟ್ಟುವ ಸಮಿತಿಯಲ್ಲಿ ಆಯುವವರಿಗೆ ಕುರ್ಚಿ, ದಿನಗೂಲಿ, ಫಲಕದ ಮೇಲೆ ಹೆಸರು ಇವು ಮೊದಲ ದಿನವೇ ಇತ್ಯರ್ಥವಾಗಬೇಕಾದ ಸಂಗತಿಗಳು.

ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಾನೂನು ಸಾಕಷ್ಟು ಬಿಗಿಯಾಗಿಯೇ ಹೇಳಿದೆ. ಸಾರ್ವಜನಿಕ ರಸ್ತೆ, ಪಾದಚಾರಿ ದಾರಿ, ರಸ್ತೆ ಬದಿಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶಿಸಿತು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕ ಸಂರಕ್ಷಣಾ ಕಾಯ್ದೆಗೆ ತಂದ 2010ರ ತಿದ್ದುಪಡಿ ಇದನ್ನು ಖಚಿತಪಡಿಸಿತು. ಕೋಟೆ, ಮಹಮೂದ್ ಗವಾನನ ಮದರಸಾ, ಬರೀದ್ ಶಾಹಿ ಗೋರಿಗಳು, ಅಷ್ಟೂರಿನ ಗುಮ್ಮಟಗಳು ಇರುವ ಬೀದರಿನಲ್ಲಿ ಈ ನಿಯಮ ಹಳೇ ಪೇಟೆಯ ಬಹಳಷ್ಟು ಜಾಗವನ್ನು ಮುಟ್ಟುತ್ತದೆ. ಆದ್ದರಿಂದ ವೃತ್ತಗಳ ಆಸೆ ಬಿಟ್ಟು ಶಾಲೆಯ ಅಂಗಳ, ಗ್ರಂಥಾಲಯದ ಹಿತ್ತಿಲು, ಸಂತೆಯ ಬಯಲು, ಬಸ್ ನಿಲ್ದಾಣದ ಒಳಾವರಣಗಳ ಕಡೆ ನೋಡಬೇಕು. ಜನ ನಿಂತು, ಕೂತು, ಮುಟ್ಟಿ ನೋಡಲು ಸಾಧ್ಯವಿರುವುದೂ ಅಲ್ಲಿಯೇ. ಬಸವಕಲ್ಯಾಣದ 108 ಅಡಿಯ ಬಸವಣ್ಣನ ಪ್ರತಿಮೆ ದೂರದಿಂದ ನೋಡಲೆಂದೇ ಕಟ್ಟಿದ್ದು. ಊರಿನ ಸಾಮಾನಿನ ಶಿಲ್ಪಕ್ಕೆ ಆಳೆತ್ತರ ಸಾಕು.

ಔರಾದ್ ತಾಲ್ಲೂಕು ರೈತರದು. ಅಮರೇಶ್ವರ ಜಾತ್ರೆ, ಅದರ ಜೊತೆಗಿನ ದನದ ಜಾತ್ರೆ, ಕಪ್ಪು ಬಿಳಿ ಮಚ್ಚೆಯ ದೇವಣಿ ತಳಿಯ ಎತ್ತುಗಳು ಈ ಭಾಗದ ಹೆಮ್ಮೆ. ಟ್ರ್ಯಾಕ್ಟರ್ ಬಂದ ಮೇಲೆ ಕೂರಿಗೆ, ಕುಂಟೆ, ನೊಗ, ಬಂಡಿಯ ಗಾಲಿಗಳು ಹಿತ್ತಿಲು ಸೇರಿವೆ. ಇಲ್ಲಿ ಏನು ಕಟ್ಟೋಣ ಎಂದು ಕಟ್ಟೆಯ ಮೇಲೆ ಗಂಡಸರನ್ನು ಕೇಳಿದರೆ ಎತ್ತು ಎಂಬ ಉತ್ತರ ತಟ್ಟನೆ ಬರುವ ಸಂಭವ ಹೆಚ್ಚು. ತಪ್ಪೇನಿಲ್ಲ, ಗಾಲಿಯ ಹಳಿ ಬಗ್ಗಿಸಿದರೆ ಎತ್ತಿನ ಹಿಣಿಲು, ಕುಳ ತಿರುಗಿಸಿದರೆ ಕೋಡು. ಆದರೆ ಅದೇ ಪ್ರಶ್ನೆಯನ್ನು ಹೆಂಗಸರ ಮುಂದೆ ಬೇರೆಯಾಗಿ ಇಡಬೇಕು. ಆಗ ಬೇರೆ ಸಾಮಾನುಗಳು ಹೊರಬರುತ್ತವೆ: ಕಳೆ ತೆಗೆದು ಸವೆದ ಖುರ್ಪಿ, ತಳ ಹೋದ ಕೊಡ, ಮುರಿದ ಮೊರ, ಎಲ್ಲಕ್ಕೂ ಮಿಗಿಲಾಗಿ ಬೀಸುವ ಕಲ್ಲು. ಹಿಟ್ಟಿನ ಗಿರಣಿ ಬಂದ ಮೇಲೆ ಸಾವಿರಾರು ಮನೆಗಳ ಬೀಸುವ ಕಲ್ಲುಗಳು ಗೋಡೆಗೆ ಒರಗಿ ನಿಂತಿವೆ. ಗುಜರಿಯವರು ಅದನ್ನು ಮುಟ್ಟುವುದಿಲ್ಲ. ಅದು ತುಕ್ಕು ಹಿಡಿಯುವುದಿಲ್ಲ, ಕಳ್ಳರ ಭಯವಿಲ್ಲ. ಅದರ ಗೂಟದ ತೂತಿನ ಸುತ್ತ ಮೂರು ತಲೆಮಾರಿನ ಅಂಗೈ ಉಜ್ಜಿ ನುಣುಪಾದ ಗುರುತಿದೆ. ನಸುಕಿನಲ್ಲಿ ಜೋಳ ಬೀಸುತ್ತ ಹಾಡಿದ ಪದಗಳ ಸಂಪತ್ತು ಜಾನಪದ ವಿದ್ವಾಂಸರು ಸಂಗ್ರಹಿಸಿ ಮುಗಿಯದಷ್ಟು. ಶಿಲ್ಪಕ್ಕೆ ಹೇಳಿ ಮಾಡಿಸಿದ ಬಿಸುಟ ವಸ್ತು ಈ ಜಿಲ್ಲೆಯಲ್ಲಿ ಯಾವುದೆಂದರೆ ಇದೇ. ನಡುತೂತಿನಲ್ಲಿ ಕಬ್ಬಿಣದ ಕೊಳವೆ ತೂರಿಸಿ ಒಂದರ ಮೇಲೊಂದು ಪೇರಿಸಿದರೆ ಬೆಸುಗೆಯೇ ಇಲ್ಲದೆ ಕಂಬ ಏಳುತ್ತದೆ. ಪ್ರತಿ ಕಲ್ಲಿನ ಅಂಚಿನಲ್ಲಿ ಅದನ್ನು ಬೀಸಿದವಳ ಹೆಸರು ಕೊರೆಯಬಹುದು. ಬೀಸುವ ಕಲ್ಲನ್ನು ತುಳಿಯಬಾರದು, ಮನೆ ಬಿಟ್ಟು ಕಳಿಸಬಾರದು ಎಂಬ ನಂಬಿಕೆಯವರು ಕೊಡಲು ಒಪ್ಪದಿದ್ದರೆ ಅಲ್ಲಿಗೆ ಮಾತು ನಿಲ್ಲಿಸಬೇಕು.

ಸಮಯದ ಲೆಕ್ಕವೂ ಔರಾದಿನಲ್ಲಿ ಬೇರೆ. ಕೂಲಿಗಾಗಿ ಹೈದರಾಬಾದು, ಪುಣೆ, ಮುಂಬೈಗೆ ಹೋಗುವ ಮನೆಗಳು ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಬಹಳ. ಬೇಸಿಗೆಯಲ್ಲಿ ಸಭೆ ಕರೆದರೆ ಅವರು ಇರುವುದಿಲ್ಲ, ಅವರ ಸಾಮಾನು ಮಾತ್ರ ಸಿಗುತ್ತದೆ. ಎಳ್ಳ ಅಮವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗಿ ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಭಜ್ಜಿ ಅಂಬಲಿ ಉಣ್ಣುತ್ತದೆ. ದೂರ ಹೋದವರೂ ಅಂದು ಬರಲು ನೋಡುತ್ತಾರೆ. ಹೊಲದ ಕಲ್ಲು, ದಂಟಿನಿಂದ ಒಂದು ದಿನದ ಮಟ್ಟಿಗೆ ಶಿಲ್ಪ ಕಟ್ಟುವ ಆ ಹಬ್ಬದ ಆಸುಪಾಸಿನಲ್ಲೇ ಸಾಮಾನು ಕೂಡಿಸುವ ಕೆಲಸ, ರೂಪದ ಚರ್ಚೆ ಇಟ್ಟುಕೊಳ್ಳುವುದು ಒಳಿತು.

ಭಾಲ್ಕಿಯ ನೆನಪು ಶಾಲೆಯದು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದು ಕಷ್ಟವಿದ್ದಾಗ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ನಡೆಸಿದ ಸಂಗತಿ ಜಿಲ್ಲೆಯಲ್ಲಿ ಮನೆಮಾತು. ಇಲ್ಲಿನ ಹಳೇ ಶಾಲೆಗಳ ಅಟ್ಟದಲ್ಲಿ ಏನೇನಿದೆ ಎಂದು ಮಕ್ಕಳನ್ನೇ ಹುಡುಕಲು ಬಿಡಬೇಕು. ಕಾಲು ಮುರಿದ ಬೆಂಚು, ಒಡೆದ ಪಾಟಿ, ಬಿರುಕು ಬಿಟ್ಟ ಗಂಟೆ, ಬಣ್ಣ ಹೋದ ಫಲಕ ಇವೆಲ್ಲ ಸಿಗಬಹುದು. ಕನ್ನಡ, ಮರಾಠಿ, ಉರ್ದು ಮೂರೂ ಬೀದಿಯಲ್ಲಿ ಕೇಳುವ ಪಟ್ಟಣದಲ್ಲಿ ಆ ಶಿಲ್ಪ ಒಂದು ಭಾಷೆಯ ವಿಜಯಸ್ತಂಭವಾಗಬಾರದು. ಪಟ್ಟದ್ದೇವರ ಹೋರಾಟ ಮಕ್ಕಳಿಗೆ ತಾಯಿನುಡಿ ಸಿಗಲಿ ಎಂಬುದಕ್ಕಾಗಿ ನಡೆದದ್ದು, ಮರಾಠಿ ಮಗುವಿನ ಪಾಟಿಗೂ ಉರ್ದು ಮಗುವಿನ ಪಾಟಿಗೂ ಅದರಲ್ಲಿ ಜಾಗ ಇರಬೇಕಾದದ್ದು ಆ ಹೋರಾಟದ ನ್ಯಾಯದಿಂದಲೇ.

ಬೀದರ್ ನಗರದಲ್ಲಿ ಸಿಗುವ ಸಾಮಾನು ಬೇರೆ: ಗ್ಯಾರೇಜುಗಳ ಬೇರಿಂಗು, ಕ್ಲಚ್ ಪ್ಲೇಟು, ಮನೆ ಕೆಡವಿದಾಗ ಉಳಿಯುವ ಟೈಲ್ಸು, ಕಪ್ಪು ಬಸಿಗಳ ಚೂರು, ಚೌಬಾರ ಗೋಪುರದ ಸುತ್ತಲ ಪೇಟೆಯ ಬಳೆ ಅಂಗಡಿಗಳ ಒಡೆದ ಗಾಜಿನ ಬಳೆ. 1472ರಲ್ಲಿ ಮುಗಿದ ಮದರಸಾದ ಗೋಡೆಯ ಮೇಲೆ ಬಣ್ಣದ ಹೆಂಚಿನ ತುಂಡುಗಳನ್ನು ಕೂಡಿಸಿದ ಕೆಲಸ ಇಂದಿಗೂ ಅಲ್ಲಲ್ಲಿ ಉಳಿದಿದೆ. ಮೆಶ್ ಬಗ್ಗಿಸಿ ಸಿಮೆಂಟು ಮೆತ್ತಿ ಅದರ ಮೇಲೆ ಚೂರುಗಳನ್ನು ಕೂರಿಸುವ ವಿಧಾನದಿಂದ ಕೂರಲು ಬರುವ ಶಿಲ್ಪಗಳನ್ನು ಮಾಡಬಹುದು. ನೆರಳಿಲ್ಲದ ಊರಿನಲ್ಲಿ ಕೂರುವ ಜಾಗವೇ ದೊಡ್ಡ ಉಪಕಾರ. ಒಂದು ಎಚ್ಚರಿಕೆ ಮಾತ್ರ ಬೇಕು: ಗುಜರಿ ತಗಡಿಗೆ ಕಪ್ಪು ಪೇಂಟು ಬಳಿದು ಬೆಳ್ಳಿ ಬಣ್ಣದ ಬಳ್ಳಿ ಬರೆದು ಬಿದರಿ ಎನ್ನುವುದು ಆ ಕಸುಬಿನವರಿಗೆ ಮಾಡುವ ಅಪಚಾರ. ಕೋಟೆಯ ಮಣ್ಣನ್ನೂ ಇದಕ್ಕೆ ತರಕೂಡದು. ಅದು ಸಂರಕ್ಷಿತ ಸ್ಮಾರಕದ ಮಣ್ಣು, ಇರುವಷ್ಟು ಕುಶಲಕರ್ಮಿಗಳಿಗೇ ಬೇಕು.

ಕೆಲಸಕ್ಕೆ ಕೈ ಹಚ್ಚುವ ಮೊದಲು ಯಾವುದನ್ನು ಮುಟ್ಟಬಾರದು ಎಂಬುದು ಎಲ್ಲರಿಗೂ ತಿಳಿದಿರಬೇಕು. ಬ್ಯಾಟರಿಯಲ್ಲಿ ಸೀಸ ಮತ್ತು ಆಮ್ಲ, ಟ್ಯೂಬ್‌ಲೈಟಿನಲ್ಲಿ ಪಾದರಸ, ಹಳೇ ಟಿವಿಯ ಗಾಜಿನಲ್ಲಿ ಸೀಸ ಇರುತ್ತವೆ. ಸಿಮೆಂಟ್ ಪತ್ರಾ ಒಡೆದರೆ ಕಲ್ನಾರಿನ ಎಳೆಗಳು ಶ್ವಾಸಕೋಶ ಸೇರುತ್ತವೆ. ತೊಗರಿ, ಸೋಯಾ ಬೆಳೆಯುವ ಹಳ್ಳಿಗಳಲ್ಲಿ ಬಣ್ಣಬಣ್ಣದ ಔಷಧಿ ಡಬ್ಬಿಗಳು ರಾಶಿ ಬಿದ್ದಿರುತ್ತವೆ, ಮಕ್ಕಳ ಕಣ್ಣು ಮೊದಲು ಹೋಗುವುದು ಅವುಗಳ ಕಡೆಗೆ. ಎಷ್ಟು ತೊಳೆದರೂ ಕೀಟನಾಶಕದ ಡಬ್ಬಿ ಶಿಲ್ಪಕ್ಕೆ ಬೇಡ. ಪೆಟ್ರೋಲ್ ಟ್ಯಾಂಕು, ಎಣ್ಣೆ ಡ್ರಮ್ಮು ಖಾಲಿ ಕಂಡರೂ ಒಳಗಿನ ಆವಿಗೆ ಬೆಸುಗೆಯ ಕಿಡಿ ತಾಗಿದರೆ ಸಿಡಿಯುತ್ತವೆ. ಸತುವಿನ ಲೇಪದ ಪೈಪು, ತಗಡು, ಬಕೆಟ್ಟುಗಳನ್ನು ಬೆಸೆಯುವಾಗ ಏಳುವ ಬಿಳಿ ಹೊಗೆ ಕುಡಿದವರಿಗೆ ಸಂಜೆ ಚಳಿಜ್ವರ ಬರುತ್ತದೆ. ಬೆಸೆಯುವ ಜಾಗದಲ್ಲಿ ಲೇಪ ಉಜ್ಜಿ ತೆಗೆದು, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡಬೇಕು. ಬೋಲ್ಟ್, ರಿವಿಟ್, ತಂತಿಯ ಕಟ್ಟು ಸಾಕಾಗುವ ಕಡೆ ಬೆಸುಗೆ ಬಿಟ್ಟರೆ ಇನ್ನೂ ಒಳಿತು. ಬೋಲ್ಟ್ ಹಾಕಿದ ಭಾಗವನ್ನು ಮುಂದೆ ಬಿಚ್ಚಿ ಬದಲಿಸಲೂ ಬರುತ್ತದೆ. ಮಗುವಿನ ಕೈಗೆ ಎಟುಕುವ ಎತ್ತರದವರೆಗಿನ ಪ್ರತಿ ತಗಡಿನ ಅಂಚನ್ನು ಮಡಚಿ ಬಡಿಯುವುದು ಕಡ್ಡಾಯ.

ನೆಲ ಒಂದೊಂದು ಕಡೆ ಒಂದೊಂದು ತರಹ. ಜಂಬಿಟ್ಟಿಗೆಯ ಬೀದರಿನಲ್ಲಿ ಬುನಾದಿ ಬೇಗ ಗಟ್ಟಿ ಸಿಗುತ್ತದೆ. ಎರೆ ಭೂಮಿಯಲ್ಲಿ ಹಾಗಲ್ಲ. ಕರಿಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲೆ ಇಟ್ಟ ಕಟ್ಟೆ ಎರಡು ವರ್ಷದಲ್ಲಿ ವಾಲುತ್ತದೆ. ಗರಸು ಸಿಗುವವರೆಗೆ ಅಗೆದೇ ಬುನಾದಿ ಹಾಕಬೇಕು. ವರ್ಷಕ್ಕೆ ಸುಮಾರು 850 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಬೀಳುವ ಜಿಲ್ಲೆಯಲ್ಲಿ ಕಬ್ಬಿಣವನ್ನು ತಿನ್ನುವುದು ನಿಂತ ನೀರು. ಪ್ರತಿ ಕೊಳವೆ, ಬಟ್ಟಲು, ಟೈರಿನ ತಳಕ್ಕೆ ತೂತು ಬೇಕು. ಇಲ್ಲದಿದ್ದರೆ ತುಕ್ಕಿನ ಜೊತೆ ಡೆಂಗಿಯ ಸೊಳ್ಳೆಯೂ ಬೆಳೆಯುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಕಬ್ಬಿಣಕ್ಕೆ ನೇರ ತಾಗಿಸಿ ಬಿಗಿದರೆ ತೇವದಲ್ಲಿ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ನಡುವೆ ಹಳೇ ಟ್ಯೂಬಿನ ರಬ್ಬರು ಇಟ್ಟರೆ ಸಾಕು. ರೆಡ್ ಆಕ್ಸೈಡ್ ಹಚ್ಚಿ ಮೇಲೆ ಬಣ್ಣ ಬಳಿಯುವುದು ವಾಡಿಕೆ. ಆದರೆ ಕುಳದ ಸವೆತ, ಕೊಡದ ನೆಗ್ಗು ಕಾಣದಂತೆ ಇಡೀ ಶಿಲ್ಪಕ್ಕೆ ಬಂಗಾರದ ಬಣ್ಣ ಬಳಿಯುವುದರಿಂದ ಅದು ಯಾರದೂ ಅಲ್ಲದ ಸಾಮಾನಾಗುತ್ತದೆ.

ನಿರ್ವಹಣೆಯ ಹೊಣೆ ಸ್ಥಳೀಯ ಆಡಳಿತ ಸಂಸ್ಥೆಗಳದೇ ಎಂದು ಬಿಟ್ಟುಬಿಟ್ಟರೆ ಮೊದಲ ಮಳೆಗಾಲಕ್ಕೇ ಬೇಲಿ ಕಿತ್ತಿರುತ್ತದೆ. ಜಾಗ ಮತ್ತು ಅನುಮತಿ ಆಡಳಿತದ್ದಾಗಿ, ಆರೈಕೆ ಸಾಮಾನು ಕೊಟ್ಟವರದಾಗಬೇಕು. ಅದಕ್ಕೆ ದೊಡ್ಡ ಸಂಘ ಬೇಕಿಲ್ಲ. ಒಂದು ದಾಖಲೆ ಪುಸ್ತಕ ಇದ್ದರೆ ಸಾಕು. ಯಾವ ಸಾಮಾನು ಯಾರು ಕೊಟ್ಟರು, ಅದು ಎಷ್ಟು ವರ್ಷ ಯಾವ ಕೆಲಸ ಮಾಡಿತು, ಶಿಲ್ಪದಲ್ಲಿ ಎಲ್ಲಿ ಕೂತಿದೆ, ಯಾವ ತಿಂಗಳು ಯಾರು ಎಣ್ಣೆ ಹಚ್ಚಿದರು, ಯಾವ ಬೋಲ್ಟ್ ಬದಲಾಯಿತು ಎಂಬುದೆಲ್ಲ ಅದರಲ್ಲಿ ಬರೆದಿರಬೇಕು. ಪುಸ್ತಕ ಶಾಲೆಯಲ್ಲಿದ್ದರೆ ಪ್ರತಿ ವರ್ಷದ ಏಳನೆಯ ತರಗತಿಗೆ ಅದು ಹಸ್ತಾಂತರವಾಗಬಹುದು. ಶಿಲ್ಪದ ಆಯುಷ್ಯವನ್ನೂ ಮೊದಲೇ ಗೊತ್ತು ಮಾಡುವುದು ಒಳ್ಳೆಯದು. ಮಣ್ಣೆತ್ತಿನ ಅಮವಾಸ್ಯೆಯ ಎತ್ತುಗಳನ್ನು ಮಾಡುವಾಗಲೇ ಅವು ನೀರಿಗೆ ಹೋಗುತ್ತವೆಂದು ಮಕ್ಕಳಿಗೆ ಗೊತ್ತಿರುತ್ತದೆ. ಅಲಾಯಿ ದೇವರು ಹಬ್ಬ ಮುಗಿಯುವ ದಫನಿನ ದಿನ ಮರಳಿ ಪೆಟ್ಟಿಗೆ ಸೇರುತ್ತಾನೆ. ಹತ್ತು ವರ್ಷಕ್ಕೊಮ್ಮೆ ಸಭೆ ಸೇರಿ ಉಳಿಸುವುದೋ, ಬದಲಿಸುವುದೋ, ಬಿಚ್ಚುವುದೋ ಎಂದು ನಿರ್ಧರಿಸುವ ಅಧಿಕಾರ ಸಾಮಾನು ಕೊಟ್ಟವರಿಗೆ ಮತ್ತು ಅವರ ಮಕ್ಕಳಿಗೆ ಬರಹದಲ್ಲಿ ಇರಬೇಕು. ಬಿಚ್ಚುವುದೆಂದು ತೀರ್ಮಾನವಾದರೆ ಬೀಸುವ ಕಲ್ಲು ಅದರ ಮನೆಗೆ ಮರಳುತ್ತದೆ, ಕಬ್ಬಿಣ ಅಂದಿನ ದರಕ್ಕೆ ಗುಜರಿ ಅಂಗಡಿಗೆ ಹೋಗುತ್ತದೆ, ಬಂದ ಹಣ ಮುಂದಿನ ಶಿಲ್ಪದ ಕೂಲಿಯ ಲೆಕ್ಕಕ್ಕೆ ಜಮೆಯಾಗುತ್ತದೆ.